ಅಪ್ಪ ಮಾಡಿದ ಬಾಣಂತನ

ನನ್ನ ಬಾಣಂತನ ಮಾಡಿದ್ದು ನನ್ನ ಅಪ್ಪ. ಹೀಗೆ ಹೇಳಿದಾಗಲೆಲ್ಲ ಎದುರಿಗಿದ್ದವರು ‘ಅಂದರೆ, ಯಾರನ್ನಾದರೂ ಗೊತ್ತು ಮಾಡಿದ್ದರಾ?’ ಎಂದು ಕೇಳುತ್ತಾರೆ. ಇಲ್ಲ. ಬೆಳ್ಳುಳ್ಳಿ ಸುಲಿದದ್ದು, ಮೆಣಸು ಕುಟ್ಟಿದ್ದು, ಕೂಸಿನ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದ್ದು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದ್ದು ಎಲ್ಲ ಅಪ್ಪನೇ. ಲೈನ್‌ಮನ್ ಆಗಿ ಕರೆಂಟ್ ಕಂಬ ಹತ್ತಿ ಇಳಿದು ನಿವೃತ್ತನಾದ ಮನುಷ್ಯ, ಹೊಸಿಲ ಮೇಲೆ ಕೂರಬಾರದು ಎಂಬುದನ್ನೂ ಲೆಕ್ಕಕ್ಕಿಡದೆ ಬಾಣಂತಿ ಕೋಣೆಯ ಹೊಸಿಲ ಮೇಲೇ ಕೂತು, ನನ್ನ ತಟ್ಟೆ ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ.

ಅವ್ವ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ನಾನೊಬ್ಬಳೇ ಮಗಳು. ಕವಲಂದೆಯಲ್ಲಿ ಅಪ್ಪನ ಅಕ್ಕ ಇದ್ದರು, ಆದರೆ ಮಂಡಿ ನೋವಿನಿಂದ ಅವರಿಗೆ ಮಂಚ ಬಿಟ್ಟು ಇಳಿಯುವುದೇ ಕಷ್ಟ. ನನಗೆ ಏಳು ತಿಂಗಳಾದಾಗ ನನ್ನ ಅತ್ತೆ ಟಿ. ನರಸೀಪುರದ ಮನೆಯಲ್ಲಿ ಅಪ್ಪನನ್ನು ಕೂರಿಸಿಕೊಂಡು ನೇರವಾಗಿ ಮಾತು ತೆಗೆದರು.

“ಅಣ್ಣ, ತವರುಮನೆ ಅಂದ್ರೆ ತಾಯಿ. ತಾಯೇ ಇಲ್ದಿದ್ ಮೇಲೆ ಅಲ್ಲಿಗ್ ಕಳ್ಸಿ ಏನ್ ಮಾಡದು? ನಂಗೂ ಎಣ್ ಮಕ್ಳಿಲ್ಲ. ನಾನೇ ಮಾಡ್ತೀನಿ ಬುಡಿ.”

“ಚೊಚ್ಚಲು ಬಾಣಂತನ ತವರುಮನೇದು ಕಣ ತಂಗ್ಯಮ್ಮ. ನಮ್ಮನೇಲಿ ನಾನಿವ್ನಿ.”

“ನೀವು ಗಂಡಸ್ರು!”

“ಊಂ, ಗೊತ್ತು,” ಎಂದ ಅಪ್ಪ.

ಅತ್ತೆ ಕೆಟ್ಟವರಲ್ಲ. ಮೂವರು ಗಂಡುಮಕ್ಕಳನ್ನು ಹೆತ್ತವರು. ಬೇರೆಯವರ ಮನೆಯ ಹೆಣ್ಣುಮಕ್ಕಳು ಹೆರಿಗೆಗೆಂದು ತವರಿಗೆ ಬಂದು, ತಲೆಗೆ ಬಟ್ಟೆ ಸುತ್ತಿಕೊಂಡು ಪಡಸಾಲೆಯಲ್ಲಿ ಕೂತಿದ್ದನ್ನು ಆಸೆಗಣ್ಣಿಂದ ನೋಡುತ್ತ ಬಂದವರು. ಕೊನೆಗೆ ಒಪ್ಪಿಕೊಂಡರು, ಆದರೆ ಒಂದು ಕರಾರಿನ ಮೇಲೆ. ಏನಾದರೂ ಹೆಚ್ಚುಕಡಿಮೆ ಕಂಡರೆ ಅವತ್ತೇ ಬಂದು ತಾಯಿ, ಕೂಸು ಇಬ್ಬರನ್ನೂ ಕರೆದುಕೊಂಡು ಹೋಗುವುದು. ಅಪ್ಪ ಆಗಲಿ ಎಂದ. ನನಗೆ ಮಾತ್ರ ಅವರ ಮೊದಲ ಮಾತು ಮುಳ್ಳಿನಂತೆ ನಾಟಿ ಕೂತುಬಿಟ್ಟಿತು. ತಾಯಿ ಇಲ್ಲದವಳಿಗೆ ತವರೇ ಇಲ್ಲವೆಂದರೆ, ಅಪ್ಪ ಯಾರು ಹಾಗಾದರೆ? ಆ ಮಾತು ಸುಳ್ಳೆಂದು ತೋರಿಸಬೇಕಿತ್ತು. ಅಪ್ಪನಿಗಿಂತ ನನಗೇ ಅದು ಹೆಚ್ಚು ಬೇಕಿತ್ತು.

ಅಪ್ಪ ಕವಲಂದೆಗೆ ಹೋಗಿ ಅಕ್ಕನ ಮಂಚದ ಪಕ್ಕ ಕೂತು ಎಲ್ಲ ಕೇಳಿಸಿಕೊಂಡು ಬಂದ. ಬರುವಾಗ ಒಂದು ಚೀಲ ತುಂಬ ಬೆಳ್ಳುಳ್ಳಿ, ಬಜೆ, ಒಣಶುಂಠಿ, ಹಿಪ್ಪಲಿ. ನಂಜನಗೂಡಿನ ನಮ್ಮ ಮನೆ ಬುದ್ಧನ ಫೋಟೋ ಇಟ್ಟುಕೊಂಡ ಮನೆ. ಸೂತಕ, ಮೈಲಿಗೆ, ಪುಣ್ಯಾಹ ಎಲ್ಲವನ್ನೂ ಅಪ್ಪ ಅವ್ವ ಇದ್ದಾಗಲೇ ಬಿಟ್ಟಿದ್ದ. ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ದಿನವೇ ಕೂಸನ್ನು ಎತ್ತಿಕೊಂಡು ಬೀದಿಯವರಿಗೆಲ್ಲ ತೋರಿಸಿದ. ಆದರೆ ಬೆಳ್ಳುಳ್ಳಿಯನ್ನು ಬಿಟ್ಟಿರಲಿಲ್ಲ, ಸಾಂಬ್ರಾಣಿಯನ್ನು ಬಿಟ್ಟಿರಲಿಲ್ಲ, ಬಾಣಂತಿಯ ಕಿವಿಗೆ ಹತ್ತಿ ಇಡುವುದನ್ನಂತೂ ಬಿಟ್ಟಿರಲೇ ಇಲ್ಲ. ಬಚ್ಚಲಲ್ಲಿ ಒಳ್ಳೆಯ ಗೀಸರ್ ಇತ್ತು, ಅವನೇ ಕೂರಿಸಿದ್ದು. ಅದರ ನೀರು ಬಾಣಂತಿಗೆ ಆಗುವುದಿಲ್ಲ ಎಂದು ಹಿತ್ತಲಿನ ಹಳೇ ಹಂಡೆಗೆ ತೆಂಗಿನ ಗರಿ ಉರಿ ಹಾಕುತ್ತಿದ್ದ. ಜೀವಮಾನವಿಡೀ ಕರೆಂಟಿನ ಅನ್ನ ತಿಂದವನಿಗೆ ಕರೆಂಟಿನ ನೀರಿನ ಮೇಲೆ ಇಷ್ಟು ಗುಮಾನಿ ಯಾಕೆಂದು ನಾನು ರೇಗಿಸಿದರೆ, “ಕರೆಂಟ್ ಕಾವು ನಂಗೊತ್ತು, ನಿಂಗೊತ್ತಿಲ್ಲ, ಸುಮ್ಕಿರು,” ಎನ್ನುತ್ತಿದ್ದ.

ಅಪ್ಪನಿಂದ ಆಗದಿದ್ದದ್ದು ಒಂದೇ, ನೀರು ಉಯ್ಯುವುದು. ಬೆಳೆದ ಮಗಳ ಮೈಗೆ ಅಪ್ಪ ನೀರು ಹಾಕುವಂತಿಲ್ಲವಲ್ಲ. ಅದಕ್ಕೊಬ್ಬ ಅಜ್ಜಿಯನ್ನು ಗೊತ್ತು ಮಾಡಿದ್ದ. ಬೆಳಿಗ್ಗೆ ಬರುತ್ತಿದ್ದಳು, ಎಣ್ಣೆ ತಿಕ್ಕುತ್ತಿದ್ದಳು, ಚೊಂಬಿನಿಂದ ಸುಡುಸುಡು ನೀರನ್ನು ಬೆನ್ನಿಗೆ, ಸೊಂಟಕ್ಕೆ ರಪ್ಪೆಂದು ಎರಚುತ್ತಿದ್ದಳು. ನಾನು ಅಯ್ಯೋ ಅಮ್ಮಾ ಎಂದರೆ ಇನ್ನೂ ಜೋರು. ಆಮೇಲೆ ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟಿ ಮಲಗಿಸಿ ಹೋಗುತ್ತಿದ್ದಳು. ಇಡೀ ದಿನದಲ್ಲಿ ನನಗೆ ಕಣ್ಣು ಮುಚ್ಚುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಉಳಿದ ಹೊತ್ತೆಲ್ಲ ಕಸಿವಿಸಿ. ಅದು ಯಾವತ್ತು ಶುರುವಾಯಿತೆಂದು ಸರಿಯಾಗಿ ಹೇಳಲಾರೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಎಂದು ಗೊತ್ತಿಲ್ಲ. ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಿದೆಯಾ ಎಂದು ನೋಡುವುದು. ಉಸಿರು ತಾಗಿದರೆ ಸಮಾಧಾನವಾಗಬೇಕಲ್ಲ, ಇಲ್ಲ, ಈಗೇನೋ ಇದೆ, ಇನ್ನೊಂದು ಗಳಿಗೆಗೆ? ಅತ್ತರೆ ಯಾಕೆ ಅಳುತ್ತಿದೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ. ಗಾಳಿ ಬಾರದಂತೆ ಅಪ್ಪ ಕೋಣೆಯ ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದ್ದ. ಹಗಲೋ ಸಂಜೆಯೋ ತಿಳಿಯದ ಆ ಮಬ್ಬಿನಲ್ಲಿ ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ ಓಡಾಡುತ್ತಿದ್ದೆ. ಕೂಸನ್ನು ಎತ್ತಿಕೊಂಡರೆ ಕೈಬಿಟ್ಟುಬಿಡುತ್ತೇನೇನೋ ಎಂಬ ಹೆದರಿಕೆ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಹಿಡಿದು ಕೂರಿಸಿ ಲೆಕ್ಕ ಹೇಳಿಕೊಡುತ್ತಿದ್ದವಳು ನಾನು. ಈ ಒಂದು ಬೊಗಸೆ ಜೀವ ನನ್ನನ್ನು ಹೀಗೆ ನಡುಗಿಸುತ್ತಿತ್ತು. ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಅದು ಅತ್ತೆಯ ‘ಹೆಚ್ಚುಕಡಿಮೆ’ಯ ಲೆಕ್ಕಕ್ಕೆ ಜಮಾ ಆಗುತ್ತಿತ್ತು. ಅಪ್ಪ ಮಾತ್ರ ನನ್ನ ಮುಖ ನೋಡಿ ಸಾರಿಗೆ ಇನ್ನಷ್ಟು ಮೆಣಸು ಹಾಕುತ್ತಿದ್ದ. ಅವನ ಪ್ರಕಾರ ಲೋಕದ ಎಲ್ಲ ತೊಂದರೆಗೂ ಶೀತವೇ ಮೂಲ.

ಅತ್ತೆ ದಿನಾ ಬೆಳಿಗ್ಗೆ ವೀಡಿಯೋ ಕಾಲ್ ಮಾಡುತ್ತಿದ್ದರು. ಅಪ್ಪ ಅದನ್ನು ‘ಇನ್‌ಸ್ಪೆಕ್ಷನ್’ ಎಂದು ಕರೆಯುತ್ತಿದ್ದ. ಇಲಾಖೆಯ ಎಂಜಿನಿಯರ್ ಬರುತ್ತಾರೆಂದರೆ ಮಾಡುತ್ತಿದ್ದ ಹಾಗೆ ಅಂಗಿ ಬದಲಾಯಿಸಿ ಫೋನ್ ಎತ್ತುತ್ತಿದ್ದ.

“ನೆತ್ತಿಗೆ ಎಣ್ಣೆ ಮಡುಗಿದ್ದೀರಾ ಅಣ್ಣ? ತೋರ್ಸಿ.”

ಅಪ್ಪ ಫೋನನ್ನು ಕೂಸಿನ ನೆತ್ತಿಗೇ ತಗುಲಿಸುತ್ತಿದ್ದ.

“ಇಷ್ಟ್ ಅತ್ರ ಇಡುದ್ರೆ ಏನ್ ಕಂಡದು? ದೂರ ಇಡ್ಕಳಿ. ಊಂ. ಈಗ ನನ್ ಸೊಸೆ ತೋರ್ಸಿ. ಮಕ ಯಾಕವ್ವಾ ಇಂಗೆ ಇಳ್ದೋಗದೆ?”

“ಕೋಣೇಲಿ ಬೆಳಕು ಕಮ್ಮಿ ಅತ್ತೆ,” ಎಂದು ನಾನು ಹಲ್ಲು ಕಿರಿಯುತ್ತಿದ್ದೆ. ಕಾಲ್ ಮುಗಿದ ಮೇಲೆ ದವಡೆ ನೋಯುತ್ತಿತ್ತು.

ಹೀಗಿರುವಾಗ ನೀರು ಉಯ್ಯುವ ಅಜ್ಜಿಯ ಮೊಮ್ಮಗಳಿಗೆ ಹೆಡತಲೆ ಎಂಬ ಊರಿನಲ್ಲಿ ಹೆರಿಗೆಯಾಯಿತು. ಅಜ್ಜಿ ಅತ್ತ ಹೋದಳು. ತಪ್ಪೇನಿಲ್ಲ, ಅವಳ ಮನೆಯ ಬಾಣಂತನ ಅವಳಿಗೆ ಮೊದಲು. ಅಪ್ಪ ಬೇರೆಯವರನ್ನು ಹುಡುಕಿ ಬೀದಿ ಬೀದಿ ಅಲೆದ. ಈಗ ಈ ಕೆಲಸಕ್ಕೆ ಯಾರೂ ಸಿಗುವುದಿಲ್ಲ. ಕೆಲವರಿಗೆ ಫ್ಯಾಕ್ಟರಿ ಕೆಲಸ, ಕೆಲವರಿಗೆ ಸೊಂಟ ನೋವು. ಅತ್ತೆಗೆ ಈ ವಿಷಯ ಹೇಳಕೂಡದು ಎಂದು ನಾನೇ ಅಪ್ಪನ ಕೈಯಲ್ಲಿ ಆಣೆ ಮಾಡಿಸಿಕೊಂಡೆ. ಅಪ್ಪ ದಿನಾ ಹಂಡೆ ಕಾಯಿಸಿ, ನೀರು ತೋಡಿಟ್ಟು, ಹಿತ್ತಲ ಬಾಗಿಲ ಆಚೆ ಹೋಗಿ ನಿಲ್ಲುತ್ತಿದ್ದ. ನಾನೇ ಚೊಂಬು ಎತ್ತಿ ಹಾಕಿಕೊಳ್ಳುತ್ತಿದ್ದೆ. ನೀರು ಎದೆಗೆ ಬೀಳುತ್ತಿತ್ತು, ತೊಡೆಗೆ ಬೀಳುತ್ತಿತ್ತು. ನೋಯುತ್ತಿದ್ದ ಬೆನ್ನಿಗೆ ಮಾತ್ರ ತಾಗುತ್ತಿರಲಿಲ್ಲ. ಕಣ್ಣು ಮುಚ್ಚುತ್ತಿದ್ದ ಆ ಒಂದು ಹೊತ್ತೂ ಹೋಯಿತು.

ಅದೇ ವಾರ ಒಂದು ಬೆಳಿಗ್ಗೆ, ಬಿಸಿಲೇರಿದ ಮೇಲೆ, ಅಪ್ಪ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ. ಕೂಸು ಅಳುತ್ತಿತ್ತು. ಹಾಲು ಕೊಟ್ಟೆ, ಸುಮ್ಮನಾಗಲಿಲ್ಲ. ತಟ್ಟಿದೆ, ಸುಮ್ಮನಾಗಲಿಲ್ಲ. ಅದನ್ನು ಮಂಚದ ನಡುವೆ ಮಲಗಿಸಿ, ಎರಡೂ ಕಡೆ ದಿಂಬು ಇಟ್ಟು ಎದ್ದೆ. ಕೋಣೆ ದಾಟಿದೆ. ಪಡಸಾಲೆ ದಾಟಿದೆ. ಬೀದಿಗೆ ಇಳಿದೆ. ತಲೆಗೆ ಸುತ್ತಿದ ಮಫ್ಲರ್, ಕಿವಿಯಲ್ಲಿ ಹತ್ತಿ, ಬರಿಗಾಲು. ಎದುರಿಗೆ ಬಂದ ಸ್ಕೂಟರಿನವನು ಏನೋ ಅಂದ, ಕೇಳಿಸಲಿಲ್ಲ. ಹೊಳೆಯ ಕಡೆಗೆ ತಿರುಗುವ ರಸ್ತೆಯವರೆಗೆ ನಡೆದುಬಿಟ್ಟಿದ್ದೆ. ಸಾಯುವ ಯೋಚನೆ ನನಗಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ವಾಪಸು ಹೋಗುವ ಯೋಚನೆಯೂ ಇರಲಿಲ್ಲ.

ಹಿಂದಿನಿಂದ ಅಪ್ಪ ಬಂದ. ಒಂದು ತೋಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ನನ್ನ ಚಪ್ಪಲಿ. ಓಡಿ ಬಂದಿದ್ದನೆಂದು ಕಾಣುತ್ತದೆ, ಎದೆ ಏರಿಳಿಯುತ್ತಿತ್ತು. ಚಪ್ಪಲಿಯನ್ನು ನನ್ನ ಕಾಲ ಮುಂದೆ ಇಟ್ಟ.

“ಕಾಲ್ ಸುಡ್ತದೆ. ಆಕ್ಕ ಮಗಾ.”

ಹಾಕಿಕೊಂಡೆ.

“ಎಲ್ಗ್ ಒಂಟಿದ್ದೆ?”

“ಗೊತ್ತಿಲ್ಲ ಅಪ್ಪ.”

ಇಬ್ಬರೂ ನೆರಳು ಇದ್ದ ಕಡೆಯಿಂದ ನಡೆದು ಮನೆಗೆ ಬಂದೆವು. ಆ ದಿನ ಅವನು ಕೋಣೆಯ ಕಿಟಕಿಯ ಬೆಡ್‌ಶೀಟ್ ಬಿಚ್ಚಿ ತೆಗೆದ. ಕೂಸನ್ನು ತನ್ನ ತೊಡೆಯಿಂದ ಇಳಿಸಲೇ ಇಲ್ಲ. ಬೆಂದ ಅನ್ನ ಒಲೆಯ ಮೇಲೇ ತಳ ಹಿಡಿಯಿತು. ನನಗೆ ಆಗ ಅನ್ನಿಸಿದ್ದು ಇಷ್ಟೇ. ಅತ್ತೆಗೆ ಗೊತ್ತಾದರೆ ಎಲ್ಲ ಮುಗಿಯಿತು. ಅಪ್ಪ ಸೋತ ಎಂದು ಎರಡೂ ಊರಿನ ಜನ ಆಡಿಕೊಳ್ಳುತ್ತಾರೆ.

ಭಾನುವಾರ ಎಂದಿನಂತೆ ನನ್ನ ಗಂಡ ಟಿ. ನರಸೀಪುರದಿಂದ ಮೊದಲ ಬಸ್ಸಿಗೆ ಬಂದರು. ಕಾಫಿ ಕುಡಿದು ಲೋಟ ಕೆಳಗಿಡುವಾಗ ಅಪ್ಪ ಗಂಟಲು ಸರಿಮಾಡಿಕೊಂಡ.

“ಅಳಿಯಂದ್ರೆ, ಒಂದ್ ಕೆಲ್ಸ ಆಗ್ಬೇಕಿತ್ತು. ನಾನ್ ಮಾಡಂಗಿಲ್ಲ.”

“ಸಿಲಿಂಡರ್ ತರ್ಬೇಕಾ ಮಾವ?”

“ಅವ್ಳಿಗೆ ನೀರ್ ಉಯ್ಬೇಕು.”

ನನ್ನ ಗಂಡನ ಮುಖ ನೋಡಬೇಕಿತ್ತು. ಆದರೆ ಇಲ್ಲ ಎನ್ನಲಿಲ್ಲ. ಪ್ಯಾಂಟ್ ಮಡಚಿಕೊಂಡು ಬಚ್ಚಲಿಗೆ ಬಂದರು. ಎಣ್ಣೆ ತಿಕ್ಕಿದರು, ತಲೆಗೆ ಸೀಗೆಪುಡಿ ಹಾಕಿದರು, ಆಮೇಲೆ ಸಸಿಗೆ ನೀರು ಹಾಕುವವರಂತೆ ಭುಜದ ಮೇಲೆ ಒಂದೊಂದೇ ಧಾರೆ ಬಿಟ್ಟರು. ಆಚೆ ಹಂಡೆಯ ಒಲೆ ಮುಂದೆ ಕೂಸನ್ನು ಹಿಡಿದು ಕೂತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ.

“ಏನದು, ಸದ್ದೇ ಇಲ್ಲ! ಎತ್ತರದಿಂದ ಬೀಳ್ಬೇಕು ಅಳಿಯಂದ್ರೆ! ನಂಗಿಲ್ಗೆ ಕೇಳ್ಬೇಕು!”

ಅವರು ಕೈ ಎತ್ತಿ ಎರಚಿದರು. ಬೆನ್ನಿಗೆ ರಪ್ಪೆಂದು ಬಿತ್ತು. ಅಷ್ಟು ದಿನದ ಮೇಲೆ ನಾನು ಮೊದಲ ಬಾರಿಗೆ ನಕ್ಕೆ. ಅವರೂ ನಕ್ಕರು. ಅಷ್ಟರಲ್ಲಿ ಮುಂದಿನ ಗೇಟು ಕಿರ್ರೆಂದಿತು, ಹಿತ್ತಲಿನ ಕಡೆ ಚಪ್ಪಲಿ ಸದ್ದು, ಆಮೇಲೆ ಅತ್ತೆಯ ದನಿ.

“ಕೂಸ್ನ ಒಲೆ ಮುಂದೆ ಇಡ್ಕಂಡ್ ಕೂತಿದ್ದೀರಲ್ಲ ಅಣ್ಣ! ಒಳ್ಗೆ ಯಾರು ನೀರ್ ಉಯ್ತಾ ಇರದು?”

“ನಿಮ್ ಮಗ,” ಎಂದ ಅಪ್ಪ.

ನನ್ನ ಗಂಡನ ಕೈಯಲ್ಲಿದ್ದ ಚೊಂಬು ಗಾಳಿಯಲ್ಲೇ ನಿಂತಿತು.

“ನನ್ ಮಗ್ನಾ! ಮನೇಲಿ ಕುಡ್ದ ಲೋಟ ಎತ್ತಿಡಲ್ಲ!” ಅತ್ತೆ ದನಿ ಬದಲಾಯಿಸಿದರು. “ಆಗ್ಲಿ. ಬಟ್ಟೆ ಬರೆ ಕಟ್ಟಿ. ಇವತ್ತೇ ಕರ್ಕಂಡ್ ಓಯ್ತೀನಿ.”

ನಾನು ಹೆದರಿಕೊಂಡು ಕಾಯುತ್ತಿದ್ದ ಮಾತು ಅದೇ. ಸೀಗೆಯ ನೀರು ಕಣ್ಣಿಗೆ ಇಳಿದು ಉರಿಯುತ್ತಿತ್ತು. ಒಳಗಿನಿಂದಲೇ ಕೂಗಿದೆ.

“ನಾನ್ ಬರಲ್ಲ ಅತ್ತೆ! ನಮ್ಮಪ್ಪ ಏನೂ ಕಮ್ಮಿ ಮಾಡಿಲ್ಲ. ಇದು ನನ್ ತವರುಮನೆ, ನಾನ್ ಇಲ್ಲೇ ಇರ್ತೀನಿ!”

ಮದುವೆಯಾದ ಮೇಲೆ ಅವರ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಹೆಮ್ಮೆಯಿಂದ ಮೈ ಬಿಸಿಯಾಗಿತ್ತು. ಅಪ್ಪ ಈಗ ಏನಾದರೂ ಹೇಳುತ್ತಾನೆ, ಕೇಳಿದ್ರಾ ತಂಗ್ಯಮ್ಮ ಎನ್ನುತ್ತಾನೆ ಎಂದು ಕಾದೆ. ಆದರೆ ಅತ್ತೆಯೇ ತಗ್ಗಿದ ದನಿಯಲ್ಲಿ ಕೇಳಿದರು, ತಗಡಿನ ಬಾಗಿಲಾದ್ದರಿಂದ ಎಲ್ಲ ಕೇಳಿಸುತ್ತಿತ್ತು.

“ಅಂಗಂದ್ರೆ ನನ್ನ ಯಾಕಣ್ಣ ಕರುಸ್ದ್ರಿ? ನೆನ್ನೆ ಫೋನ್ ಮಾಡಿ, ನನ್ ಕೈಲಿ ಆಯ್ತಿಲ್ಲ, ಬಂದು ಕರ್ಕಂಡ್ ಓಗಿ ತಂಗ್ಯಮ್ಮ ಅಂತ ಅತ್ತವ್ರು ನೀವೇ ಅಲ್ವಾ?”

ನನ್ನ ಗಂಡ ನನ್ನನ್ನು ನೋಡಿದರು. ಅವರಿಗೂ ಗೊತ್ತಿರಲಿಲ್ಲ, ಅತ್ತೆ ಮಗನಿಗೂ ಹೇಳದೆ ಬಂದಿದ್ದರು. ಉಳಿದ ನೀರನ್ನು ಸದ್ದಿಲ್ಲದೆ ತಲೆಗೆ ಹಾಕಿ ಮುಗಿಸಿದರು.

ಸೀರೆ ಸುತ್ತಿಕೊಂಡು ತಲೆಗೆ ಟವೆಲ್ ಕಟ್ಟಿ ಆಚೆ ಬಂದಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ಸಿಟ್ಟು. ಅತ್ತೆಯ ಕಡೆ ನೋಡಲೂ ಇಲ್ಲ, ನೇರ ಅಪ್ಪನ ಮುಂದೆ ನಿಂತೆ.

“ಯಾಕಪ್ಪ ಫೋನ್ ಮಾಡ್ದೆ? ನಿನ್ ಮರ್ಯಾದೆ ಓಗ್ಬಾರ್ದು ಅಂತ ನಾನು ಇಷ್ಟ್ ದಿನ ಬಾಯ್ ಮುಚ್ಕಂಡಿದ್ದೆ. ಎಲ್ಲ ಆಳ್ ಮಾಡ್ಬುಟ್ಟೆ.”

ಅಪ್ಪ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಒಲೆಯ ಕಡೆ ಮುಖ ಮಾಡಿದ. ಗರಿಯ ತುದಿಯನ್ನು ಒಳಕ್ಕೆ ತಳ್ಳುತ್ತ ಹೇಳಿದ.

“ನಿಮ್ಮವ್ವನೂ ಬಾಯ್ ಮುಚ್ಕಂಡೇ ಇದ್ಲು ಮಗಾ. ಒಟ್ಟೆ ನೋವು ಅಂತ ಯಾರ್ ಮುಂದೂ ಅನ್ಲಿಲ್ಲ. ಗಂಡ ಸರ್ಯಾಗ್ ನೋಡ್ಕತಾ ಇಲ್ಲ ಅಂತ ಜನ ಅಂದಾರು ಅಂತ. ಆಸ್ಪತ್ರೆಗ್ ಓಗೊ ಒತ್ಗೆ ಎಲ್ಲ ಮುಗ್ದೋಗಿತ್ತು. ನನ್ ಮರ್ಯಾದೆ ಇಡ್ಕಂಡು ಏನ್ ಮಾಡ್ಲಿ? ಒಂದ್ ಸಲ ಉಳ್ಸ್ಕಂಡಿದ್ದು ಸಾಕು.”

ಅವ್ವ ಹೇಗೆ ಹೋದಳೆಂದು ಅಪ್ಪ ಅದುವರೆಗೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಅಲ್ಲೇ ಹಂಡೆಯ ಪಕ್ಕದ ಕಲ್ಲಿನ ಮೇಲೆ ಕೂತು ಅತ್ತೆ ಮುಂದೆ, ಗಂಡನ ಮುಂದೆ, ಗೋಡೆಯಾಚೆಯ ಮನೆಯವರಿಗೂ ಕೇಳುವಂತೆ ಅತ್ತುಬಿಟ್ಟೆ. ಕೋಣೆಯಲ್ಲಿ ಏನೇನಾಗುತ್ತಿತ್ತು ಎಂಬುದೆಲ್ಲ ಆ ಅಳುವಿನಲ್ಲೇ ಬಂತು. ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದು ಕೈಯಿಂದ ನನ್ನ ತಲೆಯ ಟವೆಲ್ ಬಿಚ್ಚಿ ಕೂದಲು ಒರೆಸತೊಡಗಿದರು. ಸುಮ್ಮನಿರು ಎಂದು ಮಾತ್ರ ಅನ್ನಲಿಲ್ಲ.

ಮಧ್ಯಾಹ್ನ ಹೊರಟೆವು. ಅತ್ತೆ ಬಾಡಿಗೆಗೆ ತಂದಿದ್ದ ಕಾರಿಗೆ ಚೀಲಗಳನ್ನು ಇಟ್ಟ ಅಪ್ಪ ಕಿಟಕಿಯ ಹತ್ತಿರ ಬಗ್ಗಿ, ಗಾಜು ಏರಿಸಿಕೊಳ್ಳುವಂತೆ ಹೇಳಿ ಹಿಂದೆ ಸರಿದ. ಟಿ. ನರಸೀಪುರದವರೆಗೂ ತವರನ್ನು ಕಳೆದುಕೊಂಡು ಹೋಗುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತು. ಆ ವಾರ ಅತ್ತೆಯೇ ಮೈಸೂರಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಹೆತ್ತವರಿಗೆ ಹೀಗಾಗುವುದುಂಟು, ಇದಕ್ಕೆ ಔಷಧಿಯಿದೆ, ಒಬ್ಬಳನ್ನೇ ಬಿಡಬೇಡಿ ಎಂದರು ಆಕೆ. ಕಸಿವಿಸಿ ಒಂದೇ ಸಲಕ್ಕೆ ಹೋಗಲಿಲ್ಲ. ಬಹಳ ದಿನ ನನ್ನ ಜೊತೆಗೇ ಎದ್ದು, ಜೊತೆಗೇ ಕೂತು, ನಿಧಾನಕ್ಕೆ ಸಡಿಲವಾಯಿತು.

ಹೊರಟು ಬಂದ ಮರುದಿನವೇ, ಅತ್ತೆ ನನಗೆ ನೀರು ಉಯ್ದು ಮಲಗಿಸಿ ಕಾಫಿ ಕುಡಿಯುವ ಹೊತ್ತಿಗೆ, ಅಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ನಂಜನಗೂಡಿನಲ್ಲಿ ಸಾರು ಮಾಡಿಕೊಂಡು ಬಸ್ಸಿನಲ್ಲಿ ಬಂದಿದ್ದ. ಕ್ಯಾರಿಯರ್ ಅತ್ತೆಯ ಕೈಗೆ ಕೊಟ್ಟು, ಯಾರನ್ನೂ ಕೇಳದೆ ಹಿತ್ತಲಿಗೆ ಹೋಗಿ, ಬಕೆಟ್ಟಿನಲ್ಲಿ ನೆನೆಸಿದ್ದ ಕೂಸಿನ ಬಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅತ್ತೆ ಸಾರಿನ ರುಚಿ ನೋಡಿ, ಮೆಣಸು ಅತಿಯಾಯಿತು ಎಂದು ಒಳಗಿನಿಂದಲೇ ಕೂಗಿದರು. ಆಗದಿದ್ದರೆ ಶೀತವಾಗುತ್ತದೆ ಎಂದು ಅವನು ಅಲ್ಲಿಂದಲೇ ಕೂಗಿದ. ಹೀಗೆ ಅವನು ದಿನ ಬಿಟ್ಟು ದಿನ ಬರತೊಡಗಿದ, ಇಬ್ಬರೂ ದಿನ ಬಿಟ್ಟು ದಿನ ಜಗಳವಾಡತೊಡಗಿದರು.

ಒಂದು ದಿನ ನಾನು ಕೋಣೆಯಲ್ಲಿ ಕೂಸಿಗೆ ಹಾಲು ಕೊಡುತ್ತಿದ್ದೆ. ಪಕ್ಕದ ಮನೆಯ ಹೆಂಗಸು ಕಾಂಪೌಂಡಿನ ಮೇಲಿಂದ ಇಣುಕಿ ಅತ್ತೆಯನ್ನು ಕೇಳುವುದು ಕಿಟಕಿಯಿಂದ ಕೇಳಿಸಿತು.

“ಅದ್ಯಾರಕ್ಕ, ಕೂಸಿನ್ ಬಟ್ಟೆ ಒಗೀತಾ ಕೂತಿರದು? ಕೆಲ್ಸುಕ್ಕೆ ಗಂಡಾಳ್ ಮಡಿಕ್ಕಂಡ್ರಾ?”

“ಆಳಲ್ಲ ಕಣವ್ವ,” ಎಂದರು ಅತ್ತೆ. “ನಮ್ ಸೊಸೆ ತವರುಮನೆ. ಬಾಣಂತನ ಮಾಡಕ್ ಬಂದದೆ.”